ಅಗಸಿಯವರೆಗೆ ಬಂದ ವಿಮಾನ

ನಮ್ಮ ಮನೆಯಲ್ಲಿ ಬಾಗಿಲ ತನಕ ಬಂದವರು ಹಾಗೇ ತಿರುಗಿ ಹೋಗುವಂತಿಲ್ಲ. ಕರೆಂಟಿನ ಮೀಟರ್ ಓದಲು ಬಂದವನಿರಲಿ, ಪಕ್ಕದ ಮನೆಗೆಂದು ಹೊರಟು ನಮ್ಮಲ್ಲಿಗೆ ಬಂದ ದನದ ಡಾಕ್ಟರಿರಲಿ, ಒಳಗೆ ಬಂದು, ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದೇ ಹೋಗಬೇಕು. ಈ ಕಾನೂನು ಮಾಡಿದವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಒಮ್ಮೆ ಯಾರದೋ ಕಬ್ಬಿನ ಟ್ರ್ಯಾಕ್ಟರ್ ದಾರಿ ತಪ್ಪಿ ನಮ್ಮ ಅಂಗಳಕ್ಕೆ ಬಂದು ಹಿಂದಕ್ಕೆ ಹೊರಟಾಗ ಅವಳು ತಂಬಿಗೆ ಹಿಡಿದುಕೊಂಡು ಅದರ ಬೆನ್ನು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏನೋ ಅನಾಹುತವಾಯಿತೆಂದು ಡ್ರೈವರ್ ಗಾಬರಿಯಿಂದ ಎಂಜಿನ್ ಆರಿಸಿದ್ದ.

ಊರಿನವರು ನಗುತ್ತಿದ್ದರು. ನಾವು ಮನೆಯವರು ಮಾತ್ರ ನಗುತ್ತಿರಲಿಲ್ಲ, ಏಕೆಂದರೆ ಕಾರಣ ನಮಗೆ ಗೊತ್ತಿತ್ತು.

ಅತ್ತೆಯ ಮದುವೆಯ ದಿನ ಗಂಡಿನ ಕಡೆಯವರು ಅಗಸಿಯ ತನಕ ಬಂದಿದ್ದರು. ಅಗಸಿ ಎಂದರೆ ಊರ ಬಾಗಿಲು. ಹೆಣ್ಣಿನ ಕಡೆಯವರು ಅಲ್ಲಿಗೆ ಹೋಗಿ, ಆರತಿ ಬೆಳಗಿ, ಬೀಗರನ್ನು ಎದುರುಗೊಂಡು ಕರೆತರಬೇಕು. ಅಲ್ಲಿ ಮಾನದ ರುಮಾಲು ಮೊದಲು ಯಾರ ತಲೆಗೆ ಸುತ್ತಬೇಕು ಎನ್ನುವುದಕ್ಕೆ ಮಾತು ಬೆಳೆಯಿತು. ಗಂಡಿನ ಸೋದರಮಾವನಿಗೋ, ಊರಿನ ಹಿರಿಯನಿಗೋ ಎಂಬಷ್ಟೇ ಜಗಳ. ಅರ್ಧ ಗಳಿಗೆಯಲ್ಲಿ ಬೀಗರು ಲಾರಿ ತಿರುಗಿಸಿಕೊಂಡು ಹೊರಟೇಹೋದರು. ಒಳಗೆ ಅತ್ತೆ ಮೈಗೆಲ್ಲ ಅರಿಶಿನ ಹಚ್ಚಿಕೊಂಡು ಕೂತಿದ್ದಳು. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಂದವರೂ 'ಅಗಸಿಯಿಂದ ತಿರುಗಿದ್ದು' ಎಂಬ ಮಾತು ಕಿವಿಗೆ ಬಿದ್ದೊಡನೆ ಸುಮ್ಮನಾದರು.

ಶೇಡಬಾಳದಿಂದ ತುಸು ದೂರ, ಹೊಲದ ನಡುವೆ ನಮ್ಮ ವಸ್ತಿ. ಹೊಲದಲ್ಲೇ ಮನೆ ಕಟ್ಟಿಕೊಂಡಿರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅತ್ತೆ ಅಲ್ಲಿ ಎಮ್ಮೆ ಕಟ್ಟಿದಳು, ಹಾಲು ಹಾಕಿದಳು, ಅಪ್ಪನ ಮದುವೆ ಮಾಡಿದಳು, ನನ್ನನ್ನು ಎತ್ತಿ ಆಡಿಸಿದಳು. ಆದರೆ ಮನೆಯಲ್ಲಿ ಶುಭಕಾರ್ಯವಾದರೆ ಮಾತ್ರ ಹಿಂದೆ ಸರಿದು ನಿಲ್ಲುತ್ತಿದ್ದಳು. ಹೊರಗಿನಿಂದ ಬಂದವರಿಗೆ ರೊಟ್ಟಿ ಚೂರು ನಿವಾಳಿಸಿ, ಕಾಲಿಗೆ ನೀರು ಹಾಕಿ ಒಳಗೆ ಕರೆಯುವುದು ಅವ್ವನ ಕೆಲಸ. ಆ ರೊಟ್ಟಿಯನ್ನು ಮುರಿದು ತಂದು ಅವ್ವನ ಕೈಗೆ ಕೊಡುವುದು ಅತ್ತೆಯ ಕೆಲಸ. ಅವಳು ಯಾರಿಗೂ ಆರತಿ ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ.

ನಾನು ವಿಮಾನ ಹಾರಿಸುವುದನ್ನು ಕಲಿತೆ. ಹೇಗೆ ಕಲಿತೆ ಎನ್ನುವುದು ಬೇರೆಯೇ ಕಥೆ, ಅದನ್ನು ಹೇಳಿಕೊಳ್ಳುವ ಹುಮ್ಮಸ್ಸು ಈಗ ನನಗಿಲ್ಲ. ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿ, ಕ್ಯಾಪ್ಟನ್ನರ ಪಕ್ಕದ ಸೀಟಿನಲ್ಲಿ ಕೂತು, ಸಣ್ಣ ಊರುಗಳಿಗೆ ಹೋಗುವ ಎರಡು ಪಂಖದ ವಿಮಾನ ನಡೆಸತೊಡಗಿದೆ. ಒಂದು ಬೇಸಿಗೆಯಲ್ಲಿ ನನ್ನ ಪಾಳಿ ನಮ್ಮ ಜಿಲ್ಲೆಯ ವಿಮಾನ ನಿಲ್ದಾಣಕ್ಕೇ ಬಿತ್ತು. ಸುದ್ದಿ ಕೇಳಿದ್ದೇ ತಡ, ಅಪ್ಪನ ತಮ್ಮ, ನಮ್ಮ ಕಾಕಾ, ಎರಡು ಕ್ರೂಸರ್ ಗಾಡಿ ಗೊತ್ತು ಮಾಡಿದ. ನಿಲ್ದಾಣದ ಬೇಲಿಯ ಹೊರಗೆ, ರಸ್ತೆಯ ಪಕ್ಕ ಒಂದು ದಿಬ್ಬವಿದೆ. ವಿಮಾನ ಇಳಿಯುವುದನ್ನು ನೋಡಲು ಜನ ಅಲ್ಲಿ ನಿಲ್ಲುತ್ತಾರೆ. ಎಲ್ಲರೂ ಅಲ್ಲಿ ನಿಂತು ನನ್ನನ್ನು ಎದುರುಗೊಳ್ಳುವುದು, ಆಮೇಲೆ ನಿಲ್ದಾಣದ ಬಾಗಿಲಿಗೆ ಬರುವುದು, ಮತ್ತೆ ಹೊರಡುವ ಮುಂಚೆ ನಾನು ಐದು ನಿಮಿಷ ಹೊರಗೆ ಬಂದು ಮುಖ ತೋರಿಸುವುದು ಎಂದು ಮಾತಾಯಿತು.

ಆಗ ನಾನು ಫೋನಿನಲ್ಲಿ ಹೇಳಿದೆ: "ಆರತಿ ಅತ್ತೀನ ಹಿಡೀಬೇಕು. ಬ್ಯಾರೆ ಯಾರ ಹಿಡದ್ರೂ ನಾ ಇಳ್ಯೂದಿಲ್ಲ."

ಆ ಕಡೆ ಅತ್ತೆಯೇ ಫೋನು ಕಸಿದುಕೊಂಡಳು.

"ಹುಚ್ಚಿ, ನಾ ಯಾಕ ಬೇ? ನಿಮ್ಮವ್ವ ಅದಾಳಲ್ಲ."

"ನೀನ ಬೇಕು. ಮುಂದ ನಿಂದ್ರಬೇಕು, ಎಲ್ಲಾರಕಿಂತ ಮುಂದ. ನಿನ್ನ ಮುಂದ ಬಂದು ಇಳೀತೀನಿ ನೋಡಾಕತ್ತಿರು."

"ನೋಡೂಣು," ಎಂದಳು. ಅವಳ ದನಿ ಬದಲಾಗಿತ್ತು.

ಫೋನಿಟ್ಟ ಮೇಲೆ ನನ್ನ ಬಗ್ಗೆ ನನಗೇ ಬಹಳ ಅಭಿಮಾನ ಬಂತು. ಎಲ್ಲರೂ ಹಿಂದಕ್ಕೆ ನಿಲ್ಲಿಸಿದವಳನ್ನು ನಾನೊಬ್ಬಳು ಮುಂದಕ್ಕೆ ಕರೆದೆ! ದೊಡ್ಡ ಮನಸ್ಸಿನವಳು ಎನ್ನಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ. ಅತ್ತೆಗೆ ಒಂದು ಸಲವಾದರೂ ಬಂದವರು ಬಂದು ಮುಟ್ಟಲಿ ಎಂಬ ಆಸೆ ನನಗಿದ್ದದ್ದು ನಿಜ. ಆದರೆ ಅದನ್ನು ನಾನು ಅವಳಿಗೆ ಕೊಡುವ ಇನಾಮಿನ ಹಾಗೆ ಮಾತಾಡಿದ್ದೆ.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ವಿಮಾನ ಇಳಿಸುವ ಮೊದಲು ನಾವು ಹಾಕುವ ಲೆಕ್ಕ ಇಳಿಯುವುದರದ್ದಷ್ಟೇ ಆಗಿರುವುದಿಲ್ಲ. ಇಳಿಯದೆ ಮತ್ತೆ ಏಳಬೇಕಾಗಿ ಬಂದರೆ, ಅದೂ ಆ ಹೊತ್ತಿಗೇ ಒಂದು ಎಂಜಿನ್ ಕೈಕೊಟ್ಟರೆ, ಇಷ್ಟು ಭಾರ ಹೊತ್ತು, ಇಂಥ ಬಿಸಿಲಿನಲ್ಲಿ, ಎದುರಿನ ಗುಡ್ಡ ದಾಟುವಷ್ಟು ಏರುತ್ತದೋ ಇಲ್ಲವೋ ಎಂದು ಮೊದಲೇ ನೋಡಿಕೊಂಡಿರುತ್ತೇವೆ. ಏರದು ಎಂದಾದರೆ ಅಲ್ಲಿ ಇಳಿಯುವ ಯೋಚನೆಯನ್ನೇ ಮಾಡುವಂತಿಲ್ಲ. ಬಿಸಿಲಿಗೆ ಗಾಳಿ ತೆಳ್ಳಗಾಗುತ್ತದೆ. ಪಂಖಕ್ಕೂ ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್ನಿನ ಕಸುವೂ ಕಡಿಮೆ. ಚಳಿಗಾಲದ ಬೆಳಗ್ಗೆ ಚಿಮ್ಮಿ ಏಳುವ ಅದೇ ವಿಮಾನ ವೈಶಾಖದ ಮಧ್ಯಾಹ್ನ ಮೈಭಾರದಿಂದ ಏಳುತ್ತದೆ.

ಇಳಿಯುವುದನ್ನು ಬಿಟ್ಟು ಏಳುವುದಕ್ಕೆ ಗೋ ಅರೌಂಡ್ ಎನ್ನುತ್ತೇವೆ. ಸುತ್ತು ಹೊಡೆದು ಮತ್ತೆ ಬರುವುದು. ಕೂತ ಪ್ರಯಾಣಿಕರಿಗೆ ಸದ್ದು ಜೋರಾಗಿದ್ದು, ಬೆನ್ನು ಸೀಟಿಗೆ ಒತ್ತಿದ್ದು ಮಾತ್ರ ಗೊತ್ತಾಗುತ್ತದೆ. ಮುಂದೆ ಕೂತವರಿಗೆ ಬೇರೆಯೇ ಗೊತ್ತಾಗುತ್ತದೆ. ಪೂರ್ತಿ ಕಸುವು ಕೊಟ್ಟರೂ ವಿಮಾನ ಆ ಕ್ಷಣಕ್ಕೇ ಏಳುವುದಿಲ್ಲ. ಇಳಿಯುತ್ತಿದ್ದ ಮೈ ಅದು, ಮೊದಲು ಇನ್ನೂ ಸ್ವಲ್ಪ ಇಳಿಯುತ್ತದೆ. ಚಕ್ರಗಳು ಹೊರಗಿರುತ್ತವೆ. ರೆಕ್ಕೆಯ ಹಿಂಬದಿಯ ಹಲಗೆಗಳು, ಅಂದರೆ ಫ್ಲಾಪುಗಳು, ಕೆಳಗೆ ಬಾಗಿ ಗಾಳಿಯನ್ನು ತಡೆಯುತ್ತಿರುತ್ತವೆ. ಮೂತಿ ಎತ್ತಬೇಕು, ಫ್ಲಾಪನ್ನು ಒಂದೇ ಒಂದು ಮೆಟ್ಟಿಲು ಮೇಲೆತ್ತಬೇಕು, ಏರಿಳಿತ ತೋರಿಸುವ ಮುಳ್ಳು ಮೇಲ್ಮುಖವಾದದ್ದನ್ನು ಕಣ್ಣಿನಿಂದ ನೋಡಿ ಬಾಯಿಂದ ಹೇಳಿದ ಮೇಲೆಯೇ ಚಕ್ರ ಮಡಚಬೇಕು. ಅವಸರ ಮಾಡಿ ಹಿಂದುಮುಂದು ಮಾಡಿದರೆ ಏಳುವ ಬದಲು ಕುಸಿಯುತ್ತದೆ. ಇಳಿಯುವ ದಾರಿ ಹದವಾಗಿಲ್ಲ ಅನ್ನಿಸಿದರೆ ಏಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ನಮಗೆ ಕಲಿಸುವವರು ಮೊದಲ ದಿನವೇ ಹೇಳುತ್ತಾರೆ. ನಾನು ಅದನ್ನು ಬಾಯಿಪಾಠ ಒಪ್ಪಿಸಿ ಶಹಭಾಸ್ ಎನ್ನಿಸಿಕೊಂಡವಳು.

ಆ ದಿನ ಮಧ್ಯಾಹ್ನ ವಿಮಾನ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿದ್ದ ಕ್ಯಾಪ್ಟನ್ ನನ್ನ ಅಪ್ಪನ ವಯಸ್ಸಿನವರು, ಹೆಚ್ಚು ಮಾತಿಲ್ಲದವರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಗಾಳಿ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಕೆಳಗಿನ ಕಾದ ನೆಲದಿಂದ ಬಿಸಿ ಎದ್ದು ವಿಮಾನವನ್ನು ಮೇಲಕ್ಕೆ ನೂಕುತ್ತಿತ್ತು. ನಾವು ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದೆವು, ಬೇಕಾದ್ದಕ್ಕಿಂತ ಜೋರಾಗಿದ್ದೆವು. ನೆಲದಿಂದ ಇಂತಿಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ಎಲ್ಲ ಹದಕ್ಕೆ ಬಂದಿರಬೇಕು. ಆ ಎತ್ತರ ಬಂತು. ಹದ ಬಂದಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಏಕೆಂದರೆ ಎಡಗಡೆ ದಿಬ್ಬ ಕಾಣಿಸಿತು. ಎರಡು ಬಿಳಿ ಗಾಡಿ, ಬಣ್ಣ ಬಣ್ಣದ ಸೀರೆ, ಎಲ್ಲರಿಗಿಂತ ಮುಂದೆ ಒಂದು ಹಸಿರು ಸೀರೆ. ನೋಡಬಾರದಿತ್ತು, ನೋಡಿದೆ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಒಳಗೇ ಅಂದುಕೊಳ್ಳುತ್ತ ಇಳಿದೆ. ಬೇಲಿಯ ತಂತಿ ಕೆಳಗೆ ಹಾದುಹೋಯಿತು. ರನ್‌ವೇ ಸರಸರನೆ ಹಿಂದೆ ಸರಿಯುತ್ತಿತ್ತು, ಚಕ್ರ ನೆಲ ಮುಟ್ಟುತ್ತಿರಲಿಲ್ಲ.

"ಗೋ ಅರೌಂಡ್," ಎಂದರು ಕ್ಯಾಪ್ಟನ್. ಸಾವಕಾಶವಾಗಿ, ಉಪ್ಪು ಈ ಕಡೆ ಕೊಡಿ ಅನ್ನುವ ದನಿಯಲ್ಲಿ.

ಕೈ ತಾನಾಗಿ ಕಲಿತದ್ದನ್ನು ಮಾಡಿತು. ಎಂಜಿನ್‌ಗಳು ಗರ್ಜಿಸಿದವು. ಮೂತಿ ಎತ್ತಿದೆ. ವಿಮಾನ ಒಂದು ಗಳಿಗೆ ಹಾಗೇ ತೇಲಿತು, ಏರಲಿಲ್ಲ. ಮುಳ್ಳು ನಿಂತಲ್ಲೇ ನಡುಗಿತು. ರನ್‌ವೇಯ ಕೊನೆ ಹತ್ತಿರ ಬರುತ್ತಿತ್ತು, ಅದರಾಚೆಗೆ ಗಿಡಗಳ ಸಾಲು. ಆಮೇಲೆ ಮುಳ್ಳು ಎದ್ದಿತು. ಏರುತ್ತಿದೆ ಎಂದು ಕ್ಯಾಪ್ಟನ್ ಹೇಳಿದರು, ಚಕ್ರ ಎತ್ತಿ ಎಂದು ನಾನು ಕೇಳಿದೆ, ಅವರು ಮಡಚಿದರು. ಗಿಡಗಳು ಕೆಳಗೆ ಹೋದವು, ಸಾಕಷ್ಟು ಕೆಳಗೇ ಹೋದವು. ನಾನು ಮೊದಲೇ ಹಾಕಿದ್ದ ಲೆಕ್ಕ ನಮ್ಮನ್ನು ಕಾಯಿತು. ಆ ಲೆಕ್ಕದಲ್ಲಿ ನನ್ನ ನಾಚಿಕೆಯ ತೂಕ ಮಾತ್ರ ಹಿಡಿದಿರಲಿಲ್ಲ.

ಸುತ್ತು ಹೊಡೆಯುವಾಗ ಕ್ಯಾಪ್ಟನ್ ಬೈಯಲಿಲ್ಲ. "ನಿಮ್ಮವರು ಕೆಳಗಿದ್ದಾರೆಯೇ?" ಎಂದು ಕೇಳಿದರು. ಹೌದು ಎಂದೆ. "ಹಿಂದೆ ಕೂತವರೂ ನಮ್ಮವರೇ," ಎಂದರು. "ಇನ್ನೊಮ್ಮೆ ನೀವೇ ಇಳಿಸಿ. ಈ ಸಲ ಆ ಮಾತು ನಿಮ್ಮ ಬಾಯಿಂದ ಬರಲಿ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಿವಿಯ ತನಕ ಬಿಸಿಯಾಗಿ, ಹೆಡ್‌ಫೋನ್ ಒಳಗೆ ಬೆವತುಹೋದೆ.

ಎರಡನೆಯ ಸಲ ದಾರಿ ಚೆನ್ನಾಗಿತ್ತು. ವೇಗ ಹದವಾಗಿತ್ತು, ಇಳಿಜಾರು ಹದವಾಗಿತ್ತು. ದಿಬ್ಬದ ಕಡೆ ನೋಡಲಿಲ್ಲ. ಇಳಿದೇಬಿಟ್ಟೆವು ಎನ್ನುವಷ್ಟರಲ್ಲಿ ಮೋಡದ ಬುಡದಿಂದ ಕೆಂಪು ಧೂಳು ಎದ್ದು ರನ್‌ವೇಯ ಮೇಲೆ ಅಡ್ಡ ಬಂತು, ವೇಗದ ಮುಳ್ಳು ಒಮ್ಮೆ ಜಿಗಿದು ತಟ್ಟನೆ ಕೆಳಗೆ ಬಿತ್ತು. ಮೋಡದಿಂದ ಸುರಿದು ವಿಮಾನವನ್ನು ನೆಲಕ್ಕೆ ಒತ್ತುವ ಗಾಳಿ ಅದು ಎಂದು ನನಗೆ ಗೊತ್ತಿತ್ತು. ಅತ್ತೆಯೂ ನೆನಪಾದಳು, ಹೌದು, ನೆನಪಾದಳು. ಇನ್ನೊಮ್ಮೆ ಅವಳ ಕಣ್ಣೆದುರಿನಿಂದ ತಿರುಗಿ ಹೋಗಬೇಕಲ್ಲ ಅನ್ನಿಸಿತು. ಆದರೂ ನಾನೇ "ಗೋ ಅರೌಂಡ್" ಎಂದೆ.

ಈ ಸಲದ ಏರು ಹೋದ ಸಲದ್ದಕ್ಕಿಂತ ಕಷ್ಟದ್ದು. ಮೋಡದಿಂದ ಇಳಿಯುವ ಗಾಳಿ ಮೇಲಿನಿಂದ ಒತ್ತುತ್ತಿತ್ತು. ಅಂಥದರಲ್ಲಿ ಚಕ್ರವನ್ನಾಗಲಿ ಫ್ಲಾಪನ್ನಾಗಲಿ ಮುಟ್ಟುವಂತಿಲ್ಲ. ಇದ್ದದ್ದು ಇದ್ದ ಹಾಗೇ ಇಟ್ಟುಕೊಂಡು, ಎಂಜಿನ್ ಕೊಟ್ಟಷ್ಟನ್ನೂ ತೆಗೆದುಕೊಂಡು, ಮೂತಿ ಹಿಡಿದು ಕಾಯಬೇಕು. ಕಾದೆವು. ಹಿಂದೆ ಒಂದು ಮಗು ಕಿರುಚಿ ಅಳುವುದು ಬಾಗಿಲ ಈಚೆಗೂ ಕೇಳಿಸಿತು. ಗಾಳಿಯಿಂದ ಹೊರಬಿದ್ದ ಮೇಲೆ ವಿಮಾನ ಹಗುರಾಗಿ ಏರಿತು, ನನ್ನ ಮೈ ಏರಲಿಲ್ಲ. ಮೋಡ ನಿಲ್ದಾಣದ ನೆತ್ತಿಗೇ ಬರುತ್ತಿದೆ, ಬಿಡುವುದು ಯಾವಾಗಲೋ ಗೊತ್ತಿಲ್ಲ ಎಂದು ಕೆಳಗಿನ ನಿಲ್ದಾಣದವರು ರೇಡಿಯೋದಲ್ಲಿ ಹೇಳಿದರು. ಎಣ್ಣೆಯ ಲೆಕ್ಕ ನೋಡಿ ಕ್ಯಾಪ್ಟನ್ ಹೊರಟ ಊರಿಗೇ ವಾಪಸ್ಸು ಎಂದರು.

ಹೊರಟ ಊರಿಗೇ ವಾಪಸ್ಸು. ಲಾರಿ ತಿರುಗಿಸಿಕೊಂಡು ಹೋದವರೂ ಅಷ್ಟೇ ಮಾಡಿದ್ದರು.

ಹೈದರಾಬಾದಿನಲ್ಲಿ ಇಳಿದ ಮೇಲೆ ಕ್ಯಾಪ್ಟನ್ ನನ್ನ ಹೆಗಲು ತಟ್ಟಿ, ಎರಡನೆಯದು ಸರಿಯಾಗಿ ಮಾಡಿದಿರಿ ಎಂದರು. ಕೆಳಗಿಳಿಯುವ ಪ್ರಯಾಣಿಕರೊಬ್ಬರು ಕೈಮುಗಿದರು. ನನಗೆ ಯಾವುದೂ ಹಿಡಿಸಲಿಲ್ಲ. ದಿಬ್ಬದ ಮೇಲೆ ನಿಂತವರು ಈಗ ಏನು ಅನ್ನುತ್ತಿರಬಹುದು, ಕಾಕಾ ಏನು ಚೇಷ್ಟೆ ಮಾಡುತ್ತಿರಬಹುದು, ನಾಳೆ ಪಕ್ಕದ ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಯಾವ ಯಾವ ಮಾತು ಏಳಬಹುದು ಎನ್ನುವುದೇ ತಲೆಯಲ್ಲಿ. ವಿಮಾನ ಹತ್ತುವ ಮೊದಲು ಬಂದ್ ಮಾಡಿದ್ದ ಫೋನನ್ನು ನಾನು ಚಾಲೂ ಮಾಡಲಿಲ್ಲ. ಅದನ್ನು ಚೀಲದ ತಳಕ್ಕೆ ಹಾಕಿ, ಕೋಣೆಗೆ ಹೋಗಿ ಮುಸುಕೆಳೆದು ಮಲಗಿಬಿಟ್ಟೆ.

ಬೆಳಗ್ಗೆ ಚಾಲೂ ಮಾಡಿದಾಗ ಮೊದಲು ಸಿಕ್ಕವನು ಕಾಕಾನೇ. "ಏನ್ ತಂಗಿ, ನೆಲಾ ಎಲ್ಲೈತಿ ಅನ್ನೂದ ಮರತಿದ್ದೇನು?" ಎಂದು ನಕ್ಕ. ಅವನ ಪಕ್ಕದಲ್ಲಿ ಯಾರೋ ಏನಾಯಿತೆಂದು ಮರಾಠಿಯಲ್ಲಿ "ಕಾಯ್ ಝಾಲಂ, ಕಾಯ್ ಝಾಲಂ" ಎಂದು ಕೇಳುತ್ತಿದ್ದರು. ನಾನು ಸಿಟ್ಟಿನಿಂದ ಗಾಳಿ, ಮೋಡ, ವೇಗ ಎಂದು ಏನೇನೋ ಹೇಳಿದೆ. ಆಮೇಲೆ ಅವ್ವ ಫೋನು ತೆಗೆದುಕೊಂಡಳು. ನಾನು ಹುಷಾರಾಗಿದ್ದೇನೆ ಎಂದು ಖಾತ್ರಿ ಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು:

"ನಿಮ್ಮ ಅತ್ತ್ಯಾರ ಕತಿ ಕೇಳಬ್ಯಾಡ. ಮೊದಲನೇ ಸಲ ನೀ ಎದ್ದು ಹೋದ ಕೂಡಲೇ ಆರತಿ ತಾಟು ನನ್ನ ಕೈಯಾಗ ಕೊಟ್ಟು ಗಾಡಿ ಹಿಂದ ಹೋಗಿ ಕುಂತ್ರು. ಸೆರಗ ಮಾರಿ ಮ್ಯಾಲ ಹಾಕ್ಕೊಂಡು. ನಾ ನಿಂತದ್ದಕ್ಕ ತಿರುಗಿತು, ನನ್ನ ಮಾರಿ ಕಾಣಲಿಲ್ಲಂದ್ರ ಇಳಿದೀತು ಅಂದ್ರು. ಎರಡನೇ ಸಲಾನೂ ಹೋತಲ್ಲ, ಆಮ್ಯಾಲ ಮಾತ ಇಲ್ಲ. ಗಾಡಿ ಹತ್ರೀ ಅಂದ್ರ ಹತ್ತವಲ್ರು. ಕತ್ತಲಾತು, ಮಳಿ ಹನಿ ಬಿತ್ತು, ಅಲ್ಲೇ ಕುಂತಿದ್ರು. ನಿಮ್ಮಪ್ಪ ರಟ್ಟಿ ಹಿಡದು ಎಬ್ಬಿಸಿ ಗಾಡ್ಯಾಗ ಹಾಕಿದ್ರು."

"ಈಗ ಫೋನ್ ಕೊಡು ಆಕೀಗೆ," ಎಂದೆ.

"ಎಮ್ಮಿ ಹಿಂಡಾಕತ್ತಾರ," ಎಂದಳು ಅವ್ವ.

ಅಂದಿನಿಂದ ನಾನು ಯಾವಾಗ ಫೋನು ಮಾಡಿದರೂ ಅತ್ತೆ ಎಮ್ಮೆ ಹಿಂಡುತ್ತಿದ್ದಳು. ಮಧ್ಯಾಹ್ನವೂ ಹಿಂಡುತ್ತಿದ್ದಳು. ಎಲ್ಲರೂ ನಗುವಂಥ ವಿಷಯ. ನಮ್ಮ ಎಮ್ಮೆಗೆ ಕೆಚ್ಚಲಿದೆಯೋ ಕೆರೆಯಿದೆಯೋ ಎಂದು ನಾನೂ ಬೇರೆ ಹೊತ್ತಿನಲ್ಲಾದರೆ ಅನ್ನುತ್ತಿದ್ದೆ. ಅವಳು ನನ್ನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದಾಗ ಅವಮಾನ ನನಗೇ ಆದಂತಾಯಿತು. ಇಡೀ ಆಯುಷ್ಯ ಹಿಂದೆ ನಿಂತು ಹೇಗೋ ಸಮಾಧಾನವಾಗಿದ್ದವಳನ್ನು ಎಳೆದು ಮುಂದೆ ನಿಲ್ಲಿಸಿ, ಎಲ್ಲರೆದುರು ಅವಳ ಹಳೆಯ ಹಣೆಬರಹವನ್ನೇ ಮತ್ತೊಮ್ಮೆ ಓದಿಸಿದ್ದೆ. ಅದೂ ಎರಡು ಸಲ.

ರಜೆ ಸಿಕ್ಕೊಡನೆ ಊರಿಗೆ ಹೊರಟೆ. ಆ ದಿಬ್ಬದ ಪಕ್ಕದಲ್ಲಿ ಇಳಿಯುವ ಮನಸ್ಸಾಗಲಿಲ್ಲ, ರೈಲು ಹಿಡಿದೆ. ರಾಯಬಾಗ ದಾಟಿ, ಕುಡಚಿಯ ಹತ್ತಿರ ಕೃಷ್ಣೆಯ ಮೇಲೆ ಹಾಯುವಾಗ ಎದುರಿಗೆ ಕೂತ ಒಬ್ಬ ಅಜ್ಜಿ ಹೊಳೆಗೆ ಕೈಮುಗಿದು, ನಾಣ್ಯ ಒಗೆದು, "ನೀ ಏನ್ ಕೆಲಸ ಮಾಡ್ತಿ ಮಗಳ?" ಎಂದು ಕೇಳಿದಳು. ಕಂಪನಿಯಲ್ಲಿ ಎಂದೆ. ವಿಮಾನ ಹಾರಿಸುತ್ತೇನೆ ಎಂದು ರೈಲಿನ ಡಬ್ಬಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದವಳು ನಾನು.

ಶೇಡಬಾಳ ಸ್ಟೇಷನ್ನಿನಿಂದ ಅಪ್ಪನ ಮೋಟರ್‌ಸೈಕಲ್ ಮೇಲೆ ವಸ್ತಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವ್ವ ತಂಬಿಗೆ, ರೊಟ್ಟಿ ಚೂರು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ರೊಟ್ಟಿ ಮುರಿದುಕೊಡುವ ಕೈ ಹಿಂದೆ ಕಾಣಲಿಲ್ಲ.

"ಅತ್ತಿ ಎಲ್ಲಿ?"

"ದನದ ಮನ್ಯಾಗ ಅದಾರ. ನೀ ಮೊದಲ ಒಳಗ ಬಾ."

"ಅತ್ತಿ ಬಂದು ಇಳಿ ತೆಗೀಲಿ," ಎಂದೆ. ಇಳಿ ತೆಗೆಯುವುದೆಂದರೆ ಆ ರೊಟ್ಟಿ ಚೂರು ನಿವಾಳಿಸುವುದೇ. ಅವ್ವ ಕಣ್ಣಿನಿಂದಲೇ ಬೇಡ ಎಂದಳು. ಅಪ್ಪ ಬೈಕಿನ ಸ್ಟ್ಯಾಂಡು ಹಾಕುತ್ತ ಬೇರೆಲ್ಲೋ ನೋಡಿದ. ದನದ ಮನೆಯ ಬಾಗಿಲಲ್ಲಿ ಹಸಿರು ಸೀರೆಯ ಅಂಚು ಕಂಡಿತು, ಒಳಗೆ ಸರಿಯಿತು. ನನಗೆ ಎಲ್ಲಿತ್ತೋ ಸಿಟ್ಟು ಬಂತು. ನನ್ನ ಮೇಲಿನ ಸಿಟ್ಟನ್ನು ಎಲ್ಲರ ಮೇಲೂ ತೆಗೆಯುವುದು ನನ್ನ ಹಳೆಯ ರೋಗ.

"ಹಂಗಾರ ನಾ ಒಳಗ ಬರೂದಿಲ್ಲ!" ಎಂದು ಚೀಲ ಎತ್ತಿಕೊಂಡು, ಹೊಸ್ತಿಲಿನಿಂದ ತಿರುಗಿ, ಕಾಲುದಾರಿ ಹಿಡಿದು ರಸ್ತೆಯ ಕಡೆ ನಡೆದೆ.

ಆ ಮನೆಯ ಬಾಗಿಲಿನಿಂದ! ಎರಡು ಹೆಜ್ಜೆ ಹಾಕುವಷ್ಟರಲ್ಲಿ ಏನು ಮಾಡುತ್ತಿದ್ದೇನೆಂದು ಗೊತ್ತಾಯಿತು. ನಿಲ್ಲಲೂ ಆಗಲಿಲ್ಲ, ತಿರುಗಲೂ ಆಗಲಿಲ್ಲ. ಹಿಂದೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡದ್ದು ನೋಡದೆಯೇ ತಿಳಿಯಿತು. ಅಷ್ಟರಲ್ಲಿ ಎಮ್ಮೆಗಳೆಲ್ಲ ಹೌಹಾರಿ ಎದ್ದ ಸದ್ದು, ಬಕೆಟ್ಟು ಉರುಳಿದ ಸದ್ದು.

"ಏ ಕೂಸ! ತಿರುಗಬ್ಯಾಡ ಬೇ! ಬಾಗಲಾ ತನಾ ಬಂದು ತಿರುಗಬ್ಯಾಡ!"

ಅತ್ತೆ ಬರಿಗಾಲಲ್ಲಿ ಓಡಿ ಬರುತ್ತಿದ್ದಳು, ಮೊಣಕೈ ತನಕ ಸಗಣಿ. ಹುಲ್ಲಿನ ಬಣವೆಯ ಹತ್ತಿರ ನನ್ನ ರಟ್ಟೆ ಹಿಡಿದಳು. ಏದುಸಿರು ಬಿಡುತ್ತಲೇ ದರದರನೆ ಎಳೆದುಕೊಂಡು ಬಂದು ಹೊಸ್ತಿಲ ಮುಂದೆ ನಿಲ್ಲಿಸಿ, ಅವ್ವನ ಕೈಯಿಂದ ರೊಟ್ಟಿ ಚೂರು ಕಸಿದುಕೊಂಡು, ನನ್ನ ಮುಖದ ಸುತ್ತ ಇಳಿಸಿ ಅತ್ತ ಒಂದು ಇತ್ತ ಒಂದು ಒಗೆದಳು. ಕಾಲಿಗೆ ನೀರು ಸುರಿದಳು. ಸುರಿದ ಮೇಲೆ ತಾನು ಮಾಡಿದ್ದು ಗೊತ್ತಾಗಿ ತಂಬಿಗೆ ಹಿಡಿದು ಹಾಗೇ ನಿಂತಳು. ಅಪ್ಪ ಮೂಗು ಒರೆಸಿಕೊಂಡು ಒಳಗೆ ಹೋದ.

ಸಂಜೆ ದನದ ಮನೆಯಲ್ಲಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವಳು ಹಾಲು ಹಿಂಡುತ್ತಿದ್ದಳು, ಈ ಸಲ ನಿಜವಾಗಿ.

"ನಿನ್ನ ಸಲುವಾಗಿ ತಿರುಗಲಿಲ್ಲ ಅತ್ತಿ," ಎಂದೆ. "ಮೊದಲನೇ ಸಲ ತಪ್ಪು ನಂದ. ನಿಮ್ಮನ್ನೆಲ್ಲಾ ನೋಡಿ, ಹೆಂಗರ ಮಾಡಿ ಇಳೀಬೇಕು ಅಂತ ಹಟಾ ಮಾಡಿದ್ನಿ. ಬಾಜೂಕ ಕುಂತ ದೊಡ್ಡವರು ವಿಮಾನ ಎಬ್ಬಿಸಿದ್ರು. ಎರಡನೇ ಸಲ ನಾನ ಹೇಳಿದ್ನಿ, ಏಳೂಣು ಅಂತ. ಗಾಳಿ ಕೆಟ್ಟಿತ್ತು. ಇಳದಿದ್ರ ಒಬ್ಬರೂ ಉಳೀತಿರಲಿಲ್ಲ."

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. "ಎದ್ದದ್ದು ಚಲೋನ ಆತಂತಿ?"

"ಚಲೋ ಆತು. ಇಳ್ಯಾಕ ಆಗಲಿಲ್ಲಂದ್ರ ಏಳಬೇಕು. ಎದ್ದು, ಸುತ್ತ ಹೊಡದು, ಮತ್ತ ಬರಬೇಕು. ಅದರಾಗ ನಾಚಿಕಿ ಇಲ್ಲ."

ಇಷ್ಟು ಹೇಳಿ ನನಗೆ ನಾನೇ ಶಹಭಾಸ್ ಅಂದುಕೊಂಡೆ. ಕೊನೆಗೂ ಅವಳ ತಲೆಯ ಮೇಲಿನ ಕಲ್ಲು ಇಳಿಸಿದೆ ಎಂದು ಹಗುರಾದೆ. ಸಮಾಧಾನ ಮಾಡಲು ಇನ್ನೊಂದು ಮಾತು ಸೇರಿಸಿದೆ: "ನೀ ಸುಮ್ಮನ ನಾಚಿಕಿ ಮಾಡ್ಕೊಂಡು ಕತ್ತಲದಾಗ ಅಲ್ಲಿ ಕುಂತಿ. ಎಲ್ಲಾರ ಜೋಡಿ ಗಾಡಿ ಹತ್ತಿ ಮನಿಗಿ ಬರಬೇಕಿತ್ತು."

ಅತ್ತೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು.

"ನಾಚಿಕೀಗಿ ಯಾಕ ಕುಂದರ್ಲಿ? ಗಾಡಿ ಹಿಂದ ಹ್ವಾದದ್ದು ಖರೆ ಅದಕ್ಕ. ಆಮ್ಯಾಲ ಕುಂತದ್ದು ನಿನ್ನ ಸಲುವಾಗಿ. ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾತು, ಬಂದ್ ಐತಿ ಅನ್ನಾಕತ್ತಿತ್ತು. ವಿಮಾನದಾಗ ಇದ್ದಾಗ ಫೋನ್ ಬಂದ್ ಇರ್ತೈತಿ ಅಂತ ನೀನ ಹೇಳಿದ್ಯಲ್ಲ? ಅಂದ್ರ ಇನ್ನೂ ಮ್ಯಾಲ ಅದಾಳ, ಸುತ್ತ ಹೊಡದು ಬರ್ತಾಳ ಅಂದ್ನಿ. ಇವ್ರೆಲ್ಲಾ ನಡೀರಿ ನಡೀರಿ ಅಂದ್ರು. ಬಂದಾಗ ಯಾರೂ ಇಲ್ಲಂದ್ರ ನಿನಗ ಹೆಂಗ ಅನ್ನಿಸೀತು?"

ಅವಳು ಮಳೆಯಲ್ಲಿ ಆಕಾಶ ನೋಡುತ್ತ ಕೂತಿದ್ದ ಹೊತ್ತಿಗೆ ನಾನು ಹೈದರಾಬಾದಿನಲ್ಲಿ ಒಣ ಹಾಸಿಗೆಯ ಮೇಲೆ ಮುಸುಕು ಹಾಕಿಕೊಂಡಿದ್ದೆ. ಫೋನು ಕೈಗೆಟಕುವ ಹಾಗೇ ಚೀಲದ ತಳದಲ್ಲಿತ್ತು.

ಅತ್ತೆ ಮತ್ತೆ ಎಮ್ಮೆಯ ಕಡೆ ತಿರುಗಿ ಕೆಚ್ಚಲಿಗೆ ನೀರು ಚಿಮುಕಿಸಿದಳು.

"ಅದಿರ್ಲಿ ಬಿಡು. ಅರಿಷಿಣಾ ಹಚ್ಕೊಂಡಾಗೂ ಹಿಂಗ ಕುಂತಿದ್ನಿ ಬೇ, ಅವರೂ ಸುತ್ತ ಹೊಡದು ಬಂದಾರು ಅಂತ," ಎಂದಳು. "ನೀ ಬಂದಿ."